ಏಪ್ರಿಲ್ ಕೊನೆಗೆ ಹಾಕಿದ ಸರ್ವೇ

ದೋಹಾದ ಆಫೀಸಿನಲ್ಲಿ ಕೂತು ಉತ್ತರದ ಹಿಮದ ನಾಡೊಂದಕ್ಕೆ ಗ್ಯಾಸ್ ಪೈಪ್‌ಲೈನ್ ಪ್ಲ್ಯಾನ್ ಮಾಡಿದವನು ನಾನು. ಹಿಮವನ್ನು ಕಣ್ಣಾರೆ ಕಂಡವನಲ್ಲ. ನನಗೆ ಗೊತ್ತಿದ್ದ ಚಳಿ ನಮ್ಮ ಮೀಟಿಂಗ್ ರೂಮಿನ ಏಸಿಯದು. ಆದರೂ ಯಾವ ತಿಂಗಳು ಎಲ್ಲಿ ಅಗೆಯಬೇಕು, ಯಾರು ಯಾವಾಗ ಹೋಗಿ ಬರಬೇಕು ಎಂದು ಕಂಪ್ಯೂಟರಿನಲ್ಲಿ ಬಣ್ಣದ ಪಟ್ಟಿಗಳನ್ನು ಎಳೆಯುತ್ತಿದ್ದೆ. ಆ ಕೆಲಸದ ಬಗ್ಗೆ ನನಗೆ ಜಂಬ ಇತ್ತು.

ನೆಲ ನೋಡಿ ಬರಲು ಹೋಗಬೇಕಾದವರು ನಮ್ಮ ಸರ್ವೇಯರ್. ಉಡುಪಿ ಕಡೆಯ ತುಳುವರು, ನನಗಿಂತ ಹತ್ತು ವರ್ಷ ಹಿರಿಯರು. ಬಿನ್ ಮಹಮೂದ್ ಬಡಾವಣೆಯ ಹಳೇ ಫ್ಲ್ಯಾಟಿನಲ್ಲಿ ಇನ್ನು ಮೂವರ ಜೊತೆ ಇದ್ದರು. ಶುಕ್ರವಾರ ಬೆಳಿಗ್ಗೆ ನಾನು ಐನ್ ಖಾಲಿದ್‌ನ ನನ್ನ ಮನೆಯಿಂದ ಹೋಗಿ ಅವರನ್ನು ಹತ್ತಿಸಿಕೊಂಡು ಅಲ್ ಮನ್ಸೂರಾದ ಹೋಟೆಲಿನಲ್ಲಿ ಇಡ್ಲಿ ತಿನ್ನಿಸುತ್ತಿದ್ದೆ. ಆ ವರ್ಷ ಮೇ ಕೊನೆಯ ವಾರ ಊರಿನಲ್ಲಿ ಅವರ ಒಬ್ಬಳೇ ಮಗಳ ಮದುವೆ. ಇಡ್ಲಿ ಆರಿಹೋಗುವಷ್ಟು ಹೊತ್ತು ಅದೇ ಮಾತು.

ನಾನು ಸರ್ವೇಯನ್ನು ಏಪ್ರಿಲ್ ಕೊನೆಗೆ ಹಾಕಿದ್ದೆ. ಇಲ್ಲಿ ಬೇಸಿಗೆಯ ನಡುಮಧ್ಯಾಹ್ನ ಹೊರಗಿನ ಕೆಲಸ ನಿಲ್ಲಿಸುತ್ತೇವಲ್ಲ, ಹಾಗೆಯೇ ಅಲ್ಲಿಯೂ ಕೆಟ್ಟ ಕಾಲ ಕಳೆಯಲಿ, ಚಳಿ ಇಳಿದ ಮೇಲೆ ಹೋಗಲಿ ಎಂದುಕೊಂಡಿದ್ದೆ. ಉಪಕಾರ ಮಾಡುತ್ತಿದ್ದೇನೆಂದೇ ನಂಬಿದ್ದೆ. ಮದುವೆಗೆ ಹತ್ತು ದಿನ ಮೊದಲೇ ಅವರು ವಾಪಸ್.

ಪಟ್ಟಿ ನೋಡಿದ ಅವರು ಡಿಸೆಂಬರಿನ ಮೀಟಿಂಗಿನಲ್ಲೇ ಅಡ್ಡಡ್ಡ ತಲೆ ಆಡಿಸಿದರು. ಹಿಂದೆ ಒಂದು ಚಳಿಗಾಲ ಅವರು ಅಂಥ ಊರಿನಲ್ಲಿ ಕೆಲಸ ಮಾಡಿದ್ದರು.

"ಫೆಬ್ರವರಿಯಲ್ಲೇ ಕಳಿಸಿ ಮಾರಾಯ್ರೆ. ಅಲ್ಲಿ ನೆಲ ಗಟ್ಟಿ ಇರುವುದೇ ಚಳಿಗೆ. ಹೆಪ್ಪುಗಟ್ಟಿದ ನದಿಯೇ ರಸ್ತೆ. ಬಿಸಿಲು ಬಂತೋ, ದಾರಿ ಖಲಾಸ್."

ಮಗಳ ಮದುವೆ ಓಡಾಟಕ್ಕೆ ಏಪ್ರಿಲ್, ಮೇ ಖಾಲಿ ಮಾಡಿಕೊಳ್ಳಲು ಇದೆಲ್ಲ ನೆಪ ಎಂದು ನಾನು ಕಾಲೆಳೆದೆ. ಮ್ಯಾನೇಜರ್ ನಕ್ಕರು, ಎಲ್ಲರೂ ನಕ್ಕರು. ಅವರೂ ನಕ್ಕು ಸುಮ್ಮನಾದರು. ನನಗೆ ಗೆದ್ದಂತೆ ಅನ್ನಿಸಿತು.

ಜನವರಿಯಲ್ಲಿ ಆ ಹಿಮದ ನಾಡಿನ ಆಫೀಸಿನಿಂದ ನನಗೊಬ್ಬನಿಗೇ ಎರಡು ಸಾಲಿನ ಮೇಲ್ ಬಂತು. ನೀವು ಹಾಕಿರುವ ದಿನಗಳಲ್ಲಿ ನದಿಯ ಮಂಜುಗಡ್ಡೆ ಒಡೆಯುತ್ತದೆ, ಗಮನಿಸಿದ್ದೀರಾ ಎಂದು ಕೇಳಿದ್ದರು. ಅಷ್ಟರಲ್ಲಿ ಪಟ್ಟಿ ದೊಡ್ಡವರ ಟೇಬಲ್ ದಾಟಿತ್ತು. ಈಗ ಬದಲಿಸಬೇಕೆಂದರೆ ಎಲ್ಲರೆದುರು ಸರ್ವೇಯರ್ ಹೇಳಿದ್ದೇ ಸರಿ ಎಂದು ಒಪ್ಪಬೇಕಿತ್ತು. ಒಂದು ವಾರ ಹೆಚ್ಚುಕಮ್ಮಿ ಆದೀತು, ಅಷ್ಟೇ ತಾನೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು 'ನೋಟೆಡ್' ಎಂದು ಉತ್ತರ ಬರೆದೆ.

ಅವರು ಹೋದರು. ನದಿ ದಾಟಿ ಆಚೆ ದಡದ ಕ್ಯಾಂಪು ಸೇರಿದ ನಾಲ್ಕನೇ ದಿನ ಮಂಜುಗಡ್ಡೆ ಒಡೆಯಿತು. ಗಾಡಿ ಓಡಿಸಲು ರಸ್ತೆ ಇಲ್ಲ, ತೇಲುವ ಗಡ್ಡೆಗಳ ನಡುವೆ ದೋಣಿ ಬಿಡುವಂತಿಲ್ಲ. ಹೆಲಿಕಾಪ್ಟರ್ ಬರುವುದು ಜೀವ ಹೋಗುವಂತಿದ್ದರೆ ಮಾತ್ರ. ಮದುವೆಗೆ ಹೋಗಬೇಕೆಂದರೆ ಯಾರು ಕಳಿಸುತ್ತಾರೆ? ದಿನಾ ಕ್ಯಾಂಪಿಗೆ ಫೋನು ಹಚ್ಚಿ ನೀರು ಹೇಗಿದೆ ಎಂದು ಕೇಳುತ್ತಿದ್ದೆ. ಇನ್ನೂ ಮೂರು ದಿನ, ಇನ್ನೂ ಮೂರು ದಿನ ಎನ್ನುತ್ತಿದ್ದರು.

ಮದುವೆಯನ್ನು ನಾನು ಬಿನ್ ಮಹಮೂದ್‌ನಲ್ಲಿ ಅವರ ಮಂಚದ ಮೇಲೆ ಕೂತು, ರೂಮಿನವರ ಜೊತೆ ಮೊಬೈಲಿನಲ್ಲಿ ನೋಡಿದೆ. ಇಸ್ತ್ರಿ ಮಾಡಿದ ಅವರ ರೇಷ್ಮೆ ಪಂಚೆ ಮೊಳೆಗೆ ತೂಗಾಡುತ್ತಿತ್ತು. ಧಾರೆ ಎರೆಯುವ ಹೊತ್ತಿಗೆ ಅಪ್ಪನ ಜಾಗದಲ್ಲಿ ಚಿಕ್ಕಪ್ಪ ಬಂದು ನಿಂತರು. ಹುಡುಗಿ ಎರಡು ಸಲ ಬಾಗಿಲ ಕಡೆ ತಿರುಗಿ ನೋಡಿದಳು. ನನಗೆ ಅಲ್ಲಿ ಕೂತಿರಲು ನಾಚಿಕೆಯಾಯಿತು.

ಜೂನಿನಲ್ಲಿ ಅವರು ಬಂದರು. ಕರೆದುಕೊಂಡು ಬರಲು ಏರ್‌ಪೋರ್ಟಿಗೆ ನಾನೇ ಹೋದೆ. ತುಟಿ ಒಡೆದಿತ್ತು, ಸೊರಗಿಹೋಗಿದ್ದರು. ಪಾರ್ಕಿಂಗಿನಲ್ಲೇ ಮದುವೆಯ ವಿಡಿಯೊ ತೋರಿಸಿ ಎಂದರು. ಕ್ಯಾಂಪಿನ ನೆಟ್‌ವರ್ಕಿನಲ್ಲಿ ಅದು ತೆರೆದೇ ಇರಲಿಲ್ಲವಂತೆ. ಧಾರೆಯ ಭಾಗವನ್ನು ಎರಡು ಸಲ ನೋಡಿ ಮೊಬೈಲು ವಾಪಸ್ ಕೊಟ್ಟರು. ಬೈದಿದ್ದರೆ ನಾನು ಬದುಕುತ್ತಿದ್ದೆ. ತಪ್ಪಾಯಿತು ಎಂದೆ, ಎರಡು ಸಲ ಎಂದೆ. ಅವರು ನನ್ನ ಭುಜ ತಟ್ಟಿದರು.

"ನೀವು ಹಿಮ ನೋಡಿದವರಲ್ಲ, ನಿಮಗೆ ಹೇಗೆ ಗೊತ್ತಾಗಬೇಕು? ಅಲ್ಲಿಯವರು ಯಾರಾದರೂ ಒಂದು ಮಾತು ಬರೆದಿದ್ದರೆ ನೀವು ದಿನ ಬದಲಿಸುತ್ತಿದ್ದಿರಿ. ಅಷ್ಟು ನನಗೆ ಗೊತ್ತುಂಟು."

ಜನವರಿಯ ಆ ಮೇಲ್ ಬಗ್ಗೆ ಹೇಳಲು ಅದೇ ಹೊತ್ತು. ನಾನು ಗಾಡಿ ಸ್ಟಾರ್ಟ್ ಮಾಡಿ, ಏಸಿ ಸ್ವಲ್ಪ ಕಡಿಮೆ ಮಾಡಲೇ ಎಂದು ಕೇಳಿದೆ.