ವಿಭೂತಿ ಬಳಿದ ಚಾಕು

ಮೇಷ್ಟ್ರ ಕೆಲಸದ ಆರ್ಡರು ಕೈಗೆ ಬಂದಾಗ ಯಳಂದೂರಿನ ನಮ್ಮ ಮನೆಯಲ್ಲಿ ಸಂತೋಷ ಇದ್ದದ್ದು ಅರ್ಧ ಗಂಟೆ ಮಾತ್ರ. ಸ್ಕೂಲು ಇರುವುದು ರಾಮಾಪುರದಾಚೆ, ಕಾಡಂಚಿನ ಹಳ್ಳಿಯಲ್ಲಿ ಎಂದು ತಿಳಿದ ಕೂಡಲೇ ಬೀದಿಯ ಹಿರಿಯರೆಲ್ಲ ನಮ್ಮ ಜಗಲಿಗೆ ಬಂದು ಕೂತರು. ರಾಮಾಪುರವನ್ನೇ ಕಾಣದವರು ಅಲ್ಲಿಯ ಕರಡಿಗಳ ಗುಣಸ್ವಭಾವವನ್ನು ವರ್ಣಿಸಿದರು. ಬರಿಗೈಯಲ್ಲಿ ಹೋಗಬಾರದು ಎಂಬಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು.

ಮಚ್ಚು ತೆಗೆದುಕೊಂಡು ಹೋಗು ಎಂದ ಅಪ್ಪ. ಅವ್ವನಿಗೆ ರೇಗಿತು. "ಮೇಷ್ಟ್ರು ಸೊಂಟಕ್ಕೆ ಮಚ್ಚು ಸಿಗುಸ್ಕಂಡು ಓದ್ರೆ ಮಕ್ಕ ಇಸ್ಕೂಲಿಗೆ ಬಂದವಾ? ಮಡಚಿ ಜೇಬಲ್ಲಿ ಮಡಿಕಳಂತದ್ದು ಒಂದು ತಕಂಡು ಓಗ್ಲಿ ಬುಡಿ."

ಹೀಗೆ ಅಪ್ಪನೂ ನಾನೂ ಕೊಳ್ಳೇಗಾಲದ ಪೇಟೆಗೆ ಹೋದೆವು. ಅಂಗಡಿಯವನು ಎರಡು ಚಾಕು ಮುಂದಿಟ್ಟ. ಒಂದು ಕುಲುಮೆಯಲ್ಲಿ ಮಾಡಿದ್ದು. ಮರದ ಹಿಡಿ, ಒಂದೇ ಅಲಗು, ಹೆಬ್ಬೆರಳು ತಾಗಿಸಿದರೆ ಬಿಚ್ಚಿಕೊಳ್ಳುತ್ತಿತ್ತು, ಬೆಲೆಯೂ ಅಗ್ಗ. ಇನ್ನೊಂದು ಥಳಥಳ ಹೊಳೆಯುತ್ತಿತ್ತು. ಅದರ ಹೊಟ್ಟೆಯೊಳಗೆ ಅಲಗು, ಗರಗಸ, ಕತ್ತರಿ, ಡಬ್ಬ ತೆರೆಯುವುದು ಎಲ್ಲ ಸೇರಿ ಒಂಬತ್ತು ಸಾಮಾನು. "ಜರ್ಮನಿ ಮಾಲು ಯಜಮಾನ್ರೇ" ಎಂದ. ಆ ಕಾಲದಲ್ಲಿ ಯಾವ ವಸ್ತುವಾದರೂ ಅಂಗಡಿಯಲ್ಲಿರುವಾಗ ಜರ್ಮನಿಯದು, ಮನೆಗೆ ಬಂದು ಕೆಟ್ಟ ಮೇಲೆ ಮದರಾಸಿನದು.

ಅಪ್ಪ ಅದರೊಳಗಿನ ಸುರುಳಿಯೊಂದನ್ನು ಎಳೆದು, "ಇದೇನ್ಲಾ ಇದು, ಅಂದಿ ಬಾಲ ಇದ್ದಂಗದೆ?" ಎಂದು ಕೇಳಿದ. ಬ್ರಾಂದಿ ಸೀಸೆಯ ಬಿರಡೆ ಕೀಳುವುದು ಎಂದು ಅಪ್ಪನ ಹಣೆಯ ವಿಭೂತಿ ನೋಡಿಕೊಂಡು ಹೇಳುವ ಧೈರ್ಯ ಅಂಗಡಿಯವನಿಗೆ ಬರಲಿಲ್ಲ. "ಕಿವಿ ಗುಗ್ಗೆ ತೆಗಿಯಾಕೆ ಯಜಮಾನ್ರೇ."

"ಕಿವಿ ತೂತಾಗಕಿಲ್ವಾ?"

"ಮೆಲ್ಲಗೆ ತಿರುಗುಸ್ಬೇಕು."

ನನಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಒಂದಲಗಿನದೇ ಸಾಕು ಎಂದ ಅಪ್ಪ. ಟ್ರೈನಿಂಗ್ ಮುಗಿಸಿದ ನಾನು ಒಂದೇ ಅಲಗಿಗೆ ಒಪ್ಪುತ್ತೇನೆಯೇ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಅಪ್ಪ ಎರಡು ಸಲ ಮೆಟ್ಟಿಲಿಳಿದು, ಎರಡು ಸಲ ವಾಪಸು ಹತ್ತಿ, ಅದರ ಬೆಲೆಯನ್ನು ನಮ್ಮ ಕೈಗೆಟುಕುವಂತೆ ಮಾಡಿಸಿದ.

ಮರುವಾರವೇ ಆಯುಧಪೂಜೆ. ನೇಗಿಲು, ಕುಡುಗೋಲು, ಮಚ್ಚುಗಳ ಸಾಲಿನಲ್ಲಿ ನನ್ನ ಚಾಕುವಿಗೂ ಒಂದು ಮಣೆ. ಅವ್ವ ಒಂಬತ್ತನ್ನೂ ಬಿಚ್ಚಿ ನಿಲ್ಲಿಸಿ, ನೀರಿನಲ್ಲಿ ಕಲಸಿದ ವಿಭೂತಿಯನ್ನು ಒಂದೊಂದಕ್ಕೂ ಮೂರು ಪಟ್ಟೆ ಎಳೆದಳು. ಅದರ ಮೇಲೆ ಗಂಧ, ಕುಂಕುಮ. ಕೀಲು ಬಡವಾಗಬಾರದೆಂದು ಅಲ್ಲಿಗೆ ಇನ್ನೂ ಒಂದು ಚಿಟಿಕೆ ವಿಭೂತಿ. ಪ್ರಸಾದ ನೆಲಕ್ಕೆ ಉದುರಬಾರದಲ್ಲ, ಹಾಗೆಯೇ ಹಸಿಹಸಿಯಾಗಿ ಮಡಚಿ ಕೊಟ್ಟಳು. ನಾನೂ ಕಣ್ಣಿಗೊತ್ತಿಕೊಂಡು ಜೇಬಿಗೆ ಇಳಿಸಿದೆ.

ಹಳ್ಳಿಗೆ ಹೋದ ಮೇಲೆ ಎರಡು ತಿಂಗಳು ಆ ಚಾಕುವನ್ನು ಎಲ್ಲರಿಗೂ ತೋರಿಸಿದೆನೇ ಹೊರತು ಒಮ್ಮೆಯೂ ಬಿಚ್ಚಲಿಲ್ಲ. ಹರಿತ ಹೋದರೆ? ಪೆನ್ಸಿಲು ಚೂಪು ಮಾಡಲು ಮಕ್ಕಳ ಹತ್ತಿರ ಬ್ಲೇಡು ಕೇಳುತ್ತಿದ್ದೆ.

ಒಮ್ಮೆ ಊರಿನಿಂದ ಹಿಂತಿರುಗುವಾಗ ಬಸ್ಸು ರಾಮಾಪುರದಲ್ಲೇ ನಿಂತುಬಿಟ್ಟಿತು. ನಮ್ಮ ಸ್ಕೂಲಿನ ಹಳ್ಳಿಯವನೊಬ್ಬ ತನ್ನ ತಾಯಿಯನ್ನು ಕೂರಿಸಿಕೊಂಡು ಎತ್ತಿನ ಗಾಡಿಯಲ್ಲಿ ಹೊರಟಿದ್ದ, ನನ್ನನ್ನೂ ಹತ್ತಿಸಿಕೊಂಡ. ಆ ಜೋಡಿ ಎತ್ತು ಬಿಟ್ಟರೆ ಅವನಿಗೆ ಬೇರೆ ಗತಿಯಿರಲಿಲ್ಲ. ಸ್ವಂತ ಹೊಲವಿಲ್ಲ, ಅವರಿವರ ಹೊಲ ಉತ್ತು ಅಮ್ಮ ಮಗ ಉಣ್ಣುತ್ತಿದ್ದರು. ದಾರಿಯುದ್ದಕ್ಕೂ ನಾನು ಅವರಿಗೆ ಚಾಕುವಿನ ಪುರಾಣ ಹೇಳಿದೆ. ಪಾಪ, ಹೂಂಗುಟ್ಟಿದರು.

ಹಳ್ಳದ ಇಳಿಜಾರಿನಲ್ಲಿ ಗಾಲಿ ಜಾರಿತು. ಎಡಗಡೆಯ ಎತ್ತು ಮುಗ್ಗರಿಸಿ ಬಿತ್ತು. ನೊಗಕ್ಕೆ ಕಟ್ಟಿದ ಕೊರಳ ಹಗ್ಗ ಬಿಗಿದುಕೊಂಡು ಅದರ ನಾಲಗೆ ಹೊರಗೆ ಬಂತು. ಅವನು ನೊಗಕ್ಕೆ ಹೆಗಲು ಕೊಟ್ಟು ನಿಂತಿದ್ದ, ಬಿಟ್ಟರೆ ಗಾಡಿಯ ಭಾರವೆಲ್ಲ ಎತ್ತಿನ ಮೇಲೆ. "ಸಾ, ಚಾಕು ತೆಗೀರಿ! ಅಗ್ಗ ಕುಯ್ರಿ ಸಾ! ನನ್ನೆತ್ತು ಓಯ್ತದೆ!"

ಚಾಕು ತೆಗೆದು ಅಲಗಿನ ಗೀರಿಗೆ ಉಗುರು ಹಾಕಿ ಎಳೆದೆ. ಬರಲಿಲ್ಲ. ಉಗುರು ಕಿತ್ತುಬಂತು. ಗರಗಸ ಎಳೆದೆ, ಕತ್ತರಿ ಎಳೆದೆ. ಅವ್ವನ ವಿಭೂತಿ ತುಕ್ಕಿನ ಜೊತೆ ಸೇರಿ ಒಳಗೆಲ್ಲ ಗಾರೆಯಾಗಿತ್ತು. ಕೊನೆಗೆ ಒಂಬತ್ತರಲ್ಲಿ ಒಂದು ಬಿಚ್ಚಿಕೊಂಡಿತು: ಕಿವಿ ಗುಗ್ಗೆ ತೆಗೆಯುವುದು. ಅಯ್ಯೋ ಶಿವನೇ! ಸಾಯುತ್ತಿರುವ ಎತ್ತಿನ ಮುಂದೆ ಅದನ್ನು ಹಿಡಿದುಕೊಂಡು ಪೆದ್ದನಂತೆ ನಿಂತೆ.

"ಅತ್ಲಾಗಿ ಸರ್ಕಳಿ ಸಾ" ಎಂದು ಮುದುಕಿ ನನ್ನನ್ನು ಪಕ್ಕಕ್ಕೆ ತಳ್ಳಿದಳು. ಸೊಂಟದ ಎಲೆಅಡಿಕೆ ಚೀಲದಿಂದ ಅಡಕೆ ಕತ್ತರಿ ತೆಗೆದು, ಮಂಡಿಯೂರಿ ಕೂತು, ಹಗ್ಗವನ್ನು ಒಂದೊಂದೇ ಎಳೆ ಕಟಕಟನೆ ಕತ್ತರಿಸಿದಳು. ಹಗ್ಗ ಹರಿಯಿತು. ಎತ್ತು ಅಲ್ಲಾಡಲಿಲ್ಲ. ಮಗ ನೊಗವನ್ನು ಪಕ್ಕಕ್ಕೆ ಇಳಿಸಿ, ಅದರ ಮೂತಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಏಳ್ಲಾ ನನ್ನಪ್ಪ, ಏಳ್ಲಾ" ಎಂದು ಗೋಳಾಡಿದ. ಎಷ್ಟೋ ಹೊತ್ತಾದ ಮೇಲೆ ಅದು ಒಮ್ಮೆ ಗೊರ್ ಎಂದು ಉಸಿರೆಳೆದುಕೊಂಡು, ತತ್ತರಿಸುತ್ತಾ ಎದ್ದು ನಿಂತಿತು.

ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕಣ್ಣೊರೆಸಿಕೊಂಡು, "ಯಾಕ್ ಸಾ ಬಿಚ್ನಿಲ್ಲ ಅದು?" ಎಂದು ಮರ್ಯಾದೆಯಿಂದಲೇ ಕೇಳಿದ.

"ಆಯುಧಪೂಜೆ ಮಾಡಿದ್ದು" ಎಂದೆ.

ಮುದುಕಿ ಅಡಕೆ ಕತ್ತರಿಯನ್ನು ಸೆರಗಿನಲ್ಲಿ ಒರೆಸುತ್ತಾ, "ನಾವೂ ಮಾಡ್ತೀವಿ ಕಣಪ್ಪ. ಮಾರ್ನೆ ದಿನ ತೊಳಿತೀವಿ" ಎಂದಳು.

ಕತ್ತರಿಸಿದ ಹಗ್ಗಕ್ಕೆ ಗಂಟು ಹಾಕಿ ಗಾಡಿ ಹೂಡಿದ ಮೇಲೆ "ಅತ್ತಿ ಸಾ" ಎಂದು ಕರೆದರು. ಆ ಎತ್ತಿನ ಕೊರಳಿನಲ್ಲಿ ಹಗ್ಗ ಬಿಗಿದ ಗೆರೆ ಇನ್ನೂ ಕೆಂಪಗಿತ್ತು. ಅದು ಎಳೆಯುವ ಗಾಡಿಯಲ್ಲಿ ಕೂರಲು ನನಗೆ ಮುಖವಿರಲಿಲ್ಲ. ಕಾಲು ಜೋಮು ಹಿಡಿದಿದೆ, ನಡೆದರೆ ಸರಿಹೋಗುತ್ತದೆ ಎಂದು ಸುಳ್ಳು ಹೇಳಿ, ಸ್ಕೂಲು ಕಾಣುವ ತನಕ ಗಾಡಿಯ ಹಿಂದೆ ಧೂಳು ಕುಡಿಯುತ್ತಾ ನಡೆದೆ.