ಮಾವನ ಪಂಪು, ಶರಣಪ್ಪನ ಉಸಿರು

2023ರ ಬೇಸಿಗೆಯ ಮಾತಿದು. ಶಿವರಾತ್ರಿ ಕಳೆದು ಮಧುಗಿರಿಯ ಬೆಟ್ಟ ಕಾದ ಹೆಂಚಿನಂತಾಗಿತ್ತು. ಆಗ ನಮ್ಮ ಮನೆಯಲ್ಲಿ ಇಬ್ಬರು ಮುದುಕರಿದ್ದರು. ಒಬ್ಬರು ನನ್ನ ಮಾವ, ಇನ್ನೊಬ್ಬ ನಮ್ಮ ಬೆಕ್ಕು. ಬೆಕ್ಕಿಗೆ ಹದಿಮೂರು ತುಂಬಿತ್ತು. ಹಣೆಯ ಮೇಲೆ ವಿಭೂತಿ ಬಳಿದಂತೆ ಮೂರು ಪಟ್ಟೆ ಇದ್ದದ್ದಕ್ಕೆ ಮಾವ ಅದಕ್ಕೆ ಶರಣಪ್ಪ ಎಂದು ಹೆಸರಿಟ್ಟಿದ್ದರು. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ, ಮೊಟ್ಟೆಯೂ ಹೊಸಿಲು ದಾಟುವುದಿಲ್ಲ. ಶರಣಪ್ಪನೂ ಬರೀ ಹಾಲು ಅನ್ನದಲ್ಲೇ ಬದುಕಿದ್ದಾನೆ ಎಂದು ಮಾವನಿಗೆ ಬಲು ಹೆಮ್ಮೆ.

"ಹೋದ ಜನ್ಮದಾಗೆ ಯಾವ್ದೋ ಮಠದಾಗಿದ್ದೋನು ಕಣಮ್ಮ" ಎನ್ನುತ್ತಿದ್ದರು.

ಮಾವ ಕಡ್ಲೆಕಾಯಿ ಮಂಡಿಯಲ್ಲಿ ಆಯಸ್ಸು ಕಳೆದವರು. ಧೂಳು ಕುಡಿದು ಕುಡಿದು ಉಬ್ಬಸ ಹಿಡಿದಿತ್ತು. ಡಾಕ್ಟರು ಬಾಯಿಗಿಟ್ಟು ಉಸಿರಿನ ಜೊತೆ ಔಷಧಿ ಎಳೆದುಕೊಳ್ಳುವ ಪಂಪು ಬರೆದುಕೊಟ್ಟಿದ್ದರು. ಹಳೆಯದರ ಅವಧಿ ಮುಗಿದಾಗೆಲ್ಲ ನಾನು ಹೊಸದು ತಂದಿಡುವುದು, ಅದು ಟಿ.ವಿ. ಪಕ್ಕ ಪೊಟ್ಟಣ ಬಿಚ್ಚದೆ ಕೂರುವುದು, ಇದೇ ನಡೆದಿತ್ತು. ಕೇಳಿದರೆ ಒಂದೇ ಉತ್ತರ: "ಒಂದ್ಸಲ ಎಳೆದ್ರೆ ಅಭ್ಯಾಸ ಆಗ್ಬುಡ್ತದೆ. ಆಮೇಕೆ ಸಾಯೋಗಂಟ ಬುಡಾಕಾಗಲ್ಲ. ಅದು ಕಡೇಗಾಲದ ಔಸ್ದಿ." ಹೇಳಿ ಹೇಳಿ ನನ್ನ ಬಾಯಿಗೆ ನೋವು ಬಂತೇ ಹೊರತು ಅವರು ಜಗ್ಗಲಿಲ್ಲ. ಕೊನೆಗೆ ಶುಂಠಿ ಕಷಾಯ ಕಾಯಿಸಿಕೊಟ್ಟು ಸುಮ್ಮನಾಗಿದ್ದೆ.

ಆ ಬೇಸಿಗೆಯಲ್ಲಿ ಶರಣಪ್ಪ ಕೆಮ್ಮಲು ಶುರು ಮಾಡಿದ. ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಕತ್ತು ಮುಂದೆ ಚಾಚಿ ಖಕ್ ಖಕ್ ಎನ್ನುವನು. ಏನೂ ಹೊರಗೆ ಬೀಳುತ್ತಿರಲಿಲ್ಲ. ನೆಕ್ಕಿದ ಕೂದಲು ಗಂಟಲಲ್ಲಿ ಸಿಕ್ಕಿರಬೇಕು ಎಂದುಕೊಂಡೆವು. ಎದುರು ಮನೆಯ ಹಸೀನಾ ಶಿರಾ ಕಡೆಯವಳು. ಒಂದು ದಿನ ಅವನು ಕೆಮ್ಮುವುದನ್ನು ನಿಂತು ನೋಡಿದಳು.

"ಅರೇ ಅಕ್ಕ, ಮೀನಿನ ಮುಳ್ಳು ಸಿಕ್ಕೊಂಡೈತೆ ಇದಕ್ಕೆ" ಎಂದಳು.

ಮಾವ ಸಿಡುಕಿದರು. "ಮೀನಾ? ನಮ್ಮ ಶರಣಪ್ಪ ಅದನ್ನೆಲ್ಲ ಮೂಸಾಕಿಲ್ಲ!"

"ಬೇಜಾರ್ ಮಾಡ್ಕೋಬೇಡಿ ತಾತ. ಭಾನುವಾರ ನಮ್ಮ ಹಿತ್ತಲಿಗೆ ಫಸ್ಟ್ ಹಾಜರಿ ಇವನದೇ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ನಮ್ಮದು ಇಷ್ಟು ವರ್ಷ ಕಣ್ಣು ಬಿಟ್ಟುಕೊಂಡೇ ಮೀನು ತಿಂದಿತ್ತು! ನನಗೆ ನಗು ತಡೆಯಲಾಗಲಿಲ್ಲ. ಮಾವ ಅವತ್ತೆಲ್ಲ ಶರಣಪ್ಪನನ್ನು ಮಾತಾಡಿಸಲಿಲ್ಲ. ಮುಳ್ಳು ಇಳಿಯಲಿ ಎಂದು ನಾವು ಅನ್ನದ ಉಂಡೆ ನುಂಗಿಸಿದೆವು, ತುಪ್ಪ ನೆಕ್ಕಿಸಿದೆವು. ಕೆಮ್ಮು ಮಾತ್ರ ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ಮಾವ ಪೂಜೆ ಮುಗಿಸಿ ಎಂದಿನಂತೆ ಮನೆಯೆಲ್ಲ ಸಾಂಬ್ರಾಣಿ ಧೂಪ ಹಿಡಿದು ಬಂದರು. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಶರಣಪ್ಪ ಬಾಗಿಲ ಬಳಿ ನಾಯಿಯಂತೆ ಬಾಯಿ ತೆರೆದು ಉಸಿರಾಡುತ್ತಿದ್ದಾನೆ. ಪಕ್ಕೆಗಳು ಒಳಗೆ ಸೇದಿಕೊಳ್ಳುತ್ತಿವೆ. ವಸಡು ನೀಲಿಗಟ್ಟಿದೆ. ಯಜಮಾನರು ಗಾಡಿ ತೆಗೆದುಕೊಂಡು ಕೆಲಸದ ಮೇಲೆ ಪಾವಗಡಕ್ಕೆ ಹೋಗಿದ್ದರು. ದನದ ಆಸ್ಪತ್ರೆಗೆ ಫೋನ್ ಮಾಡಿದರೆ, ಡಾಕ್ಟರು ಕುರಿಗಳಿಗೆ ಲಸಿಕೆ ಹಾಕಲು ಹಳ್ಳಿಗೆ ಹೋಗಿದ್ದಾರೆ, ಕೊರಟಗೆರೆಯಲ್ಲಿ ನಾಯಿ ಬೆಕ್ಕು ನೋಡುವ ಡಾಕ್ಟರಮ್ಮ ಒಬ್ಬರಿದ್ದಾರೆ, ಬೇಗ ಹೋಗಿ ಎಂದರು.

ಸೊಪ್ಪಿನ ಬುಟ್ಟಿಗೆ ಟವೆಲ್ ಹಾಸಿ ಶರಣಪ್ಪನನ್ನು ಮಲಗಿಸಿಕೊಂಡು ಓಡಿದೆ. ಬೇಡವೆಂದರೂ ಮಾವ ಹಿಂದೆಯೇ ಬಂದರು. ಆಟೋ ಹುಡುಕುವಷ್ಟರಲ್ಲಿ ಪಾವಗಡದಿಂದ ಕೊರಟಗೆರೆ ಕಡೆಗೆ ಹೊರಟಿದ್ದ ಖಾಸಗಿ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬುಟ್ಟಿ ಇಣುಕಿ ಬಾಗಿಲಿಗೆ ಕೈ ಅಡ್ಡ ಇಟ್ಟ.

"ಬೆಕ್ಕಾ? ಬ್ಯಾಡ ಕಣಮ್ಮ. ಅಪಶಕುನ. ಡ್ರೈವರಣ್ಣ ಗಾಡಿ ಎತ್ತಾಕಿಲ್ಲ."

ಮಾವನಿಗೆ ಎಲ್ಲಿತ್ತೋ ಆ ದನಿ. "ಲೇ, ಅಡ್ಡ ಬಂದ್ರೆ ಕಣ್ಲಾ ಅಪಶಕುನ! ಟಿಕೀಟ್ ತಗಂಡು ಜೊತ್ಗೇ ಬಂದ್ರೆ ಅದ್ಯಾವ ಶಕುನ್ಲಾ?"

ಬಸ್ಸಿನಲ್ಲಿದ್ದವರೆಲ್ಲ ಘೊಳ್ಳೆಂದು ನಕ್ಕರು. "ಹತ್ತಿಸ್ಕೊಳ್ಳೋ, ಹೊತ್ತಾಯ್ತು" ಎಂದು ಡ್ರೈವರೇ ಕೂಗಿದ. ಕಿಟಕಿಯ ಪಕ್ಕ ಕೂತಿದ್ದ, ತೆಲುಗು ಬೆರೆಸಿ ಮಾತಾಡುವ ಪಾವಗಡದ ಹೆಂಗಸು ಎದ್ದು ನಿಂತಳು. "ಅಯ್ಯೋ ಪಾಪಂ, ಊಪಿರಿ, ಉಸಿರೇ ಆಡ್ತಿಲ್ಲವಲ್ಲಮ್ಮ ಇದಕ್ಕೆ! ಇಲ್ಲಿ ಗಾಳಿಗೆ ಕೂತ್ಕೋ" ಎಂದು ತನ್ನ ಸೀಟು ಬಿಟ್ಟುಕೊಟ್ಟಳು. ಅವಳ ಹೆಸರು ಕೇಳುವ ಬುದ್ಧಿಯೂ ನನಗೆ ಬರಲಿಲ್ಲ. ದಾರಿಯುದ್ದಕ್ಕೂ ಬೆಕ್ಕಿನ ಪಕ್ಕೆಯನ್ನೇ ನೋಡುತ್ತಿದ್ದೆ. ಮಾವ "ಆಡಪ್ಪ, ಉಸಿರಾಡು" ಎನ್ನುತ್ತಿದ್ದರು. ಅವರದೇ ಎದೆ ಸುಯ್ ಸುಯ್ ಎನ್ನುತ್ತಿತ್ತು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನೋಡಿದವರೇ ಇಂಜೆಕ್ಷನ್ ಚುಚ್ಚಿ, ಮೂಗಿನ ಮುಂದೆ ಆಕ್ಸಿಜನ್ ನಳಿಕೆ ಹಿಡಿದರು. ತುಂಬ ಹೊತ್ತಿನ ಮೇಲೆ ಶರಣಪ್ಪ ಬಾಯಿ ಮುಚ್ಚಿದ. ಆಗ ನಾನೂ ಕೂತೆ.

"ಮುಳ್ಳೂ ಇಲ್ಲ, ಕೂದಲೂ ಇಲ್ಲ. ಇದು ಆಸ್ತಮಾ. ಮನೇಲಿ ಹೊಗೆ ಮಾಡಬೇಡಿ. ದಿನಾ ಎರಡು ಹೊತ್ತು ಪಂಪು ಕೊಡಬೇಕು. ವಯಸ್ಸಾದ ಜೀವ, ಇನ್ನೊಂದ್ಸಲ ಹಿಂಗಾದ್ರೆ ಇಲ್ಲೀವರೆಗೂ ತರೋಕಾಗಲ್ಲ."

ಮಾವ ಬೆಚ್ಚಿದರು. "ಪಂಪಾ? ಅಭ್ಯಾಸ ಆಗ್ಬುಡ್ತದಲ್ಲಮ್ಮ!"

"ಊಟಾನೂ ಅಭ್ಯಾಸಾನೇ ಅಲ್ವಾ ತಾತ, ಬಿಟ್ಟಿದೀರಾ?" ಎಂದರು ಅವರು. ಆಮೇಲೆ ಮಾವನ ಎದೆಯ ಸದ್ದು ಕೇಳಿಸಿಕೊಂಡು, "ನಿಮ್ಮ ಪಂಪೆಲ್ಲಿ?" ಎಂದು ಕೇಳಿದರು. ಮಾವ ಗೋಡೆ ನೋಡಿದರು. ನಾನೂ ಚಾಡಿ ಹೇಳಲಿಲ್ಲ, ನಾಲಗೆ ತುದಿಗೆ ಬಂದಿತ್ತು ಅಷ್ಟೇ.

ಅವತ್ತಿನಿಂದ ಧೂಪ ನಿಂತಿತು. ಶರಣಪ್ಪನಿಗೆ ಡಾಕ್ಟರಮ್ಮ ಕೊಟ್ಟಿದ್ದು ಎಳೇ ಮಕ್ಕಳಿಗೆ ಇಡುವಂಥ ಮಾಸ್ಕು, ಅದಕ್ಕೊಂದು ಡಬ್ಬಿಯಂಥ ಕೊಳವೆ, ಕೊನೆಯಲ್ಲಿ ಪಂಪು. ಆದರೆ ಶರಣಪ್ಪ ಹತ್ತಿರ ಬರಬೇಕಲ್ಲ! ಪಂಪು ಒತ್ತಿದರೆ 'ಫುಸ್' ಎನ್ನುತ್ತದೆ. ಅದು ಥೇಟ್ ಜಗಳಕ್ಕೆ ಬಂದ ಬೆಕ್ಕಿನ ಸದ್ದು. ಶರಣಪ್ಪ ಅದನ್ನು ಕೇಳಿದ್ದೇ ಬಾಲ ಉಬ್ಬಿಸಿ ನನ್ನ ಕೈ ಪರಚಿ ಮಂಚದ ಕೆಳಗೆ ಸೇರಿದ. ಮರುದಿನವೂ ಅಷ್ಟೇ. ಕೆಮ್ಮು ಮತ್ತೆ ಏರತೊಡಗಿತು. ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಮೂರನೆಯ ದಿನ ಮಾವ ಟಿ.ವಿ. ಪಕ್ಕದ ತಮ್ಮ ಪೊಟ್ಟಣ ಬಿಚ್ಚಿದರು. ಮಂಚದ ಪಕ್ಕ ನೆಲದ ಮೇಲೆ ಕೂತು, ಕೆಳಗೆ ಇಣುಕಿ, "ನೋಡಪ್ಪ, ಇದು ಬೆಕ್ಕಲ್ಲ. ನಾನು" ಎಂದು ಪಂಪು ಬಾಯಿಗಿಟ್ಟು ಫುಸ್ ಎನಿಸಿದರು. ಎಳೆದುಕೊಳ್ಳಲು ಬಾರದೆ ಕೆಮ್ಮಿದರು. ನಾನು ಹೋಗಿ ಹೇಳಿಕೊಟ್ಟೆ: ಎಳೆಯಿರಿ, ಬಾಯಿ ಮುಚ್ಚಿ, ಮನಸ್ಸಿನಲ್ಲಿ ಹತ್ತು ಎಣಿಸಿ, ಆಮೇಲೆ ಬಿಡಿ. ಬೆಳಿಗ್ಗೆ ಸಂಜೆ ಅದೇ ಜಾಗದಲ್ಲಿ ಇದೇ ನಡೆಯಿತು. ವಾರ ಕಳೆಯುವುದರೊಳಗೆ ಶರಣಪ್ಪ ಮಂಚದಿಂದ ಹೊರಬಂದ. ಆಮೇಲೆ ತೊಡೆ ಏರಿದ. ಮಾವ ತಮ್ಮದು ಎಳೆದು, "ಈಗ ನಿಂದು" ಎಂದು ಮಾಸ್ಕು ಮೂತಿಗಿಟ್ಟರೆ ಮುಖ ಸಿಂಡರಿಸಿಕೊಂಡು ಉಸಿರಾಡುವನು.

ಶರಣಪ್ಪನ ಕೆಮ್ಮು ಇಳಿಯಿತು. ಮಾವನ ಸುಯ್ ಸುಯ್ ಸದ್ದೂ ಇಳಿಯಿತು. ಮೊದಲು ಬೀದಿಯ ತುದಿಗೆ ಹೋಗಲು ಎರಡು ಕಡೆ ಕೂರುತ್ತಿದ್ದವರು ನಿಲ್ಲದೆ ನಡೆದು ಬರತೊಡಗಿದರು. ನಾನು ಅದನ್ನು ಎತ್ತಿ ಹೇಳಿದರೆ, "ಬೆಕ್ಕಿಗೋಸ್ಕರ ಎಳೀತಿವ್ನಿ ಕಣಮ್ಮ, ನನಗೇನು ಬೇಕಿಲ್ಲ" ಎನ್ನುವರು. ಹಾಗೇ ಆಗಲಿ ಮಾರಾಯರೇ ಎಂದುಕೊಂಡೆ.

ಶರಣಪ್ಪ ಇನ್ನೊಂದು ಬೇಸಿಗೆ ಕಂಡ. ಆಮೇಲೆ ಊಟ ಬಿಟ್ಟ. ಮುಪ್ಪು, ಇನ್ನೇನೂ ಮಾಡುವಂತಿಲ್ಲ ಎಂದರು ಡಾಕ್ಟರಮ್ಮ. ಒಂದು ಮಧ್ಯಾಹ್ನ ಮಾವನ ತೊಡೆಯ ಮೇಲೆ ಮಲಗಿದವನು ಏಳಲಿಲ್ಲ. ಒದ್ದಾಡಲಿಲ್ಲ, ಬಾಯಿ ತೆರೆಯಲಿಲ್ಲ. ಹಿತ್ತಲಿನ ದಾಳಿಂಬೆ ಗಿಡದ ಬುಡದಲ್ಲಿ ಮಣ್ಣು ಮಾಡಿದೆವು. ಹಸೀನಾ ಬಂದು ಅತ್ತಳು. ಮಾವ ಅಳಲಿಲ್ಲ.

ಮರುದಿನ ಬೆಳಿಗ್ಗೆ ಕಾಫಿ ತಂದಾಗ ಮಾವ ಅದೇ ಜಾಗದಲ್ಲಿ ಪಂಪು ಹಿಡಿದು ಸುಮ್ಮನೆ ಕೂತಿದ್ದರು. ಬೆಕ್ಕಿಗೋಸ್ಕರ ಎಳೆಯುತ್ತಿದ್ದವರು ಇನ್ನು ಯಾರಿಗೋಸ್ಕರ ಎಳೆಯುತ್ತಾರೆ?

"ಬಿಟ್ಟುಬಿಡ್ತೀರಾ ಮಾವ?" ಎಂದೆ.

"ಅಷ್ಟು ಪಾಡು ಪಟ್ಟು ಕಲ್ತ ಅವ್ನು. ನಾನು ಬುಟ್ರೆ ಎಲ್ಲಾ ದಂಡ ಆಗೋಯ್ತದೆ ಕಣಮ್ಮ" ಎಂದು ಫುಸ್ ಎನಿಸಿ ಎಳೆದುಕೊಂಡರು. ಬಾಯಿ ಮುಚ್ಚಿ ಎಣಿಸತೊಡಗಿದರು. ಅಷ್ಟರಲ್ಲಿ ಕಣ್ಣಿಂದ ನೀರು ಧಾರಾಕಾರ ಇಳಿಯಿತು. ಆದರೂ ಉಸಿರು ಬಿಡಲಿಲ್ಲ. ನಾನೂ ಬಾಗಿಲಲ್ಲಿ ನಿಂತು ಅವರ ಜೊತೆಗೇ ಎಣಿಸಿದೆ. ಹತ್ತಾದ ಮೇಲೆ ಬಾಯಿ ತೆರೆದು ಜೋರಾಗಿ ಅತ್ತರು.