ಆಪರೇಷನ್ ಆದ ಮೇಲಿನ ಹೊಟ್ಟೆಯುರಿ

ಗರ್ಭಕೋಶದ ಗಡ್ಡೆ ತೆಗೆಸಿಕೊಂಡು ಮನೆಗೆ ಬಂದ ಟೈಲರ್ ಅಕ್ಕನಿಗೆ ಗಾಯದ ನೋವಿಗಿಂತ ಹೊಟ್ಟೆಯುಬ್ಬರವೇ ದೊಡ್ಡ ಕಾಟವಾಯಿತು. ನೋವಿನ ಮಾತ್ರೆ ನುಂಗಿ ನುಂಗಿ ಮಲ ಕಟ್ಟಿತ್ತು, ಒಳಗೆಲ್ಲ ಗಾಳಿ ಗುಡುಗುಡು ಅನ್ನುತ್ತಿತ್ತು. ಅದಕ್ಕಿಂತ ಹೆಚ್ಚು ಉರಿ ತಂದದ್ದು ಅತ್ತೆಯ ಮಾತು.

"ಚಿಕ್ಕವಳಿಗೂ ಹೋದ ವರ್ಷ ಇದೇ ಆಪರೇಷನ್ ಆಯ್ತಲ್ಲ, ಒಂದು ದಿನಾನೂ ನರಳಲಿಲ್ಲ."

ಚಿಕ್ಕವಳು ಅಂದರೆ ಓರಗಿತ್ತಿ, ಮೈದುನನ ಹೆಂಡತಿ. ಸಂಜೆ ಅವಳೇ ನೋಡಲು ಬಂದಳು. ಅಕ್ಕ ಹಿಂದೆ ಹೊಲಿದುಕೊಟ್ಟಿದ್ದ ಉಡುಪು ಈಗ ತೆಳ್ಳಗಾದ ಅವಳ ಸೊಂಟದಲ್ಲಿ ಸಡಿಲವಾಗಿ ಆಡುತ್ತಿತ್ತು. ಅಕ್ಕ ಮುಖ ತಿರುಗಿಸಿದಳು.

"ಏನು ತಿಂದ್ರಿ ಅಕ್ಕಾ?"

"ಬ್ರೆಡ್ಡು."

"ಬರೀ ಬ್ರೆಡ್ಡು ತಿಂದ್ರೆ ಇನ್ನೂ ಕಟ್ಟುತ್ತೆ. ನನಗೂ ಹಾಗೇ ಆಗಿತ್ತು. ಬಚ್ಚಲಲ್ಲಿ ಕೂತು ಅತ್ತಿದ್ದೆ, ಅತ್ತೆಗೆ ಹೇಳಿರಲಿಲ್ಲ ಅಷ್ಟೆ."

ಬೇಯಿಸಿದ ತರಕಾರಿ, ಪಪ್ಪಾಯಿ, ಬಿಸಿನೀರು ಕೊಟ್ಟು, ತೋಳು ಹಿಡಿದು ಅಕ್ಕನನ್ನು ವರಾಂಡದಲ್ಲಿ ಮೆಲ್ಲಗೆ ನಡೆಸಿದಳು. ಡಾಕ್ಟರು ಹೇಳಿದ್ದೂ ಇದನ್ನೇ, ಅಕ್ಕ ಕಿವಿಗೆ ಹಾಕಿಕೊಂಡಿರಲಿಲ್ಲ. ಎರಡು ದಿನ ಅವಳು ಬಂದು ಹೀಗೇ ನಡೆಸಿದ ಮೇಲೆ ಹೊಟ್ಟೆ ಹಗುರಾಯಿತು. ಕಕ್ಕಸಿನಿಂದ ಹೊರಬಂದ ಅಕ್ಕ ಓರಗಿತ್ತಿಗೆ ಒಂದು ಒಳ್ಳೆಯ ಮಾತು ಹೇಳೋಣವೆಂದುಕೊಂಡಳು. ಅಷ್ಟರಲ್ಲಿ ಅತ್ತೆ, "ನೋಡಿದ್ಯಾ, ಚಿಕ್ಕವಳ ಕೈಗುಣ!" ಅಂದುಬಿಟ್ಟರು.

"ನಡೆದದ್ದು ನನ್ನ ಕಾಲು, ಅತ್ತೆ," ಅಂದಳು ಅಕ್ಕ.

ಓರಗಿತ್ತಿ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಆ ನಗು ಬಹಳ ಚೆಂದವಾಗಿತ್ತು. ಅಕ್ಕನಿಗೆ ಅದಕ್ಕೂ ಹೊಟ್ಟೆಕಿಚ್ಚಾಯಿತು.